ಪದ ಬೇಕು: ಆಲೂಗಡ್ಡೆ ಕೀಳುವ ಯಂತ್ರದ ‘ಎಲೆಕ್ಟ್ರಿಕ್ ಆಕ್ಚುಯೇಟರ್’

ಎಲ್ಲರಿಗೂ ನಮಸ್ಕಾರ.

ಆಲೂಗಡ್ಡೆ ಕೀಳುವ ಯಂತ್ರವೊಂದರ ಕೈಪಿಡಿಯನ್ನು ಹಾಸನದ ಕಡೆಯ ರೈತರಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಹಳೇ ಮಾದರಿಯಲ್ಲಿ ಕುಳದ ಆಳ ಹೆಚ್ಚು ಕಡಿಮೆ ಮಾಡುವುದು, ಮಣ್ಣು ಉದುರಿಸುವ ಜರಡಿಯನ್ನು ಹೊಂದಿಸುವುದು ಎಲ್ಲವೂ ಹೈಡ್ರಾಲಿಕ್, ಅಂದರೆ ಸಿಲಿಂಡರಿನೊಳಗಿನ ಎಣ್ಣೆಯ ಒತ್ತಡದಿಂದ ನಡೆಯುವಂಥದ್ದು. ಹೊಸದರಲ್ಲಿ ಆ ಸಣ್ಣ ಸಿಲಿಂಡರುಗಳನ್ನು ತೆಗೆದು ಎಲೆಕ್ಟ್ರಿಕ್ ಆಕ್ಚುಯೇಟರ್ ಕೂರಿಸಿದ್ದಾರೆ. ಒಳಗೆ 12 ವೋಲ್ಟಿನ ಮೋಟಾರು, ಅದು ತಿರುಗಿಸುವ ಉದ್ದನೆಯ ತಿರುಪು, ತಿರುಪಿನ ಜೊತೆ ಹಿಂದೆ ಮುಂದೆ ಸರಿಯುವ ಕಂಬಿ. ಕರೆಂಟು ಹೋದರೂ ತಿರುಪು ಜಾರದೆ ಇದ್ದಲ್ಲೇ ನಿಲ್ಲುತ್ತದೆ. ಭಾರ ಎತ್ತುವ ಕೆಲಸ ಮಾತ್ರ ಇನ್ನೂ ಹೈಡ್ರಾಲಿಕ್ಕಿನದೇ.

ಕೈಪಿಡಿಯಲ್ಲಾದರೆ ವಿವರಿಸಬಹುದು. ನನಗೆ ತುರ್ತಾಗಿ ಬೇಕಿರುವುದು ಯಂತ್ರದ ಮೇಲೆ ಅಂಟಿಸುವ ಎಚ್ಚರಿಕೆಯ ಸ್ಟಿಕ್ಕರಿಗೆ. ನಾಲ್ಕು ಬೆರಳಗಲ ಜಾಗ, ಶುಕ್ರವಾರ ಪ್ರೆಸ್ಸಿಗೆ ಹೋಗಬೇಕು. ‘ವಿದ್ಯುತ್ ಪ್ರಚೋದಕ’ ಎಂದು ಬರೆದು ರೈತರೊಬ್ಬರಿಗೆ ತೋರಿಸಿದೆ. ‘ಇದು ಗಿಡಕ್ಕೆ ಹೊಡೆಯೋದಾ?’ ಎಂದು ಕೇಳಿದರು. ಬೆಳವಣಿಗೆ ಪ್ರಚೋದಕದ ಬಾಟಲಿ ನೋಡಿದವರು ಇನ್ನೇನು ಕೇಳಿಯಾರು? ದಯವಿಟ್ಟು ತಿಳಿಸಿ.

*

ಮರುಓಲೆ 1

‘ಪ್ರಚೋದಕ’ ತಪ್ಪು. ‘ವಿದ್ಯುತ್ ಚಾಲಕ’ ಎಂದು ಬರೆಯಿರಿ. ‘ದ್ರವಚಾಲಿತ’, ‘ವಿದ್ಯುಚ್ಚಾಲಿತ’ ಎಂಬ ಜೋಡಿಗೂ ಹೊಂದುತ್ತದೆ. ‘ವಿದ್ಯುತ್ ದೂಡುಗ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳುತ್ತೇನೆ, ಅದು ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆಯುವ ತಪ್ಪು. ಇಲ್ಲಿಗೆ ಮುಗಿಯಿತು.

*

ಮರುಓಲೆ 2

ಮುಗಿದಿಲ್ಲ. ಚಾಲಕ ಎಂದರೆ ಕನ್ನಡಿಗರಿಗೆ ಡ್ರೈವರ್. ‘ಚಾಲಕನಿಂದ ದೂರವಿರಿ’ ಎಂದು ಸ್ಟಿಕ್ಕರ್ ಹಾಕಿಸುತ್ತೀರಾ?

ನಮ್ಮಲ್ಲೇ ‘ಏತ’ ಇದೆ. ತಮಿಳಿನಲ್ಲಿ ಇದಕ್ಕೆ ‘ಏಱ್ಱಂ’, ಅದು ‘ಏಱು’ವಿನಿಂದ ಬಂದದ್ದು, ನಮ್ಮ ‘ಏರು’ ಆ ‘ಏಱು’ವಿನ ಒಡಹುಟ್ಟು. ಬಾವಿಯಿಂದ ನೀರೆತ್ತಲು ನಮ್ಮ ಹಿರಿಯರು ಬಳಸಿದ ಈ ಪದ ‘ಏತ ನೀರಾವರಿ’ಯಲ್ಲಿ ಇವತ್ತಿಗೂ ಜೀವಂತವಾಗಿದೆ. ಇ-ಮೇಲಿಗೆ ಹೇಳುವ ‘ಮಿಂಚೆ’ಯಲ್ಲಿರುವ, ವಿದ್ಯುತ್ ಎಂಬರ್ಥದ ‘ಮಿನ್’ ಸೇರಿಸಿದರೆ ‘ಮಿನ್ನೇತ’. ಹೈಡ್ರಾಲಿಕ್ಕಿಗೆ ‘ಎಣ್ಣೇತ’. ‘ಹೈಡ್ರಾಲಿಕ್’ ಗ್ರೀಕಿನ ನೀರು, ಕೊಳವೆ ಎಂಬ ಮಾತುಗಳಿಂದ ಆದದ್ದು. ಯಂತ್ರದ ಪೈಪಿನಲ್ಲಿ ಹರಿಯುವುದು ಎಣ್ಣೆ. ಮೂಲದಲ್ಲೇ ಅರ್ಥ ಕಳೆದುಕೊಂಡ ಪದವನ್ನು ನಾವೇಕೆ ಹೊರಬೇಕು?

*

ಮರುಓಲೆ 1ರವರಿಂದ

ಏತ ಎತ್ತುತ್ತದೆ, ದೂಡುವುದಿಲ್ಲ. ಪಕ್ಕಕ್ಕೆ ಸರಿಯುವ ಕಂಬಿ ಏತ ಹೇಗಾಗುತ್ತದೆ? ‘ಮಿನ್’ ನಮ್ಮ ಈ ಗುಂಪಿನ ಹೊರಗೆ ಯಾರಿಗೂ ಗೊತ್ತಿಲ್ಲ.

*

ಮರುಓಲೆ 3

ಅರಿಸಮಾಸ ಎಂದು ಎಷ್ಟು ವರ್ಷ ಬೆದರಿಸುತ್ತೀರಿ? ಬಿರುದಾವಳಿಗೂ ಹಿಂದಿನ ಕವಿಗಳ ಬಳಕೆಗೂ ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ. ಕವಿಗಳಿಗೆ ಸಲ್ಲುವ ರಿಯಾಯಿತಿ ರೈತರಿಗೂ ಸಲ್ಲಬೇಕು. ಈ ಚರ್ಚೆಯ ತಲೆಬರಹದಲ್ಲಿರುವ ‘ಆಲೂಗಡ್ಡೆ’ಯನ್ನೇ ನೋಡಿ. ಆಲೂ ಉತ್ತರದ್ದು, ಗಡ್ಡೆ ನಮ್ಮದು. ಕರಾವಳಿಯ ‘ಬಟಾಟೆ’ ಪೋರ್ಚುಗೀಸರ ಕಡೆಯಿಂದ ಬಂತು. ಅಚ್ಚಗನ್ನಡ ಬೇಕೆಂದರೆ ಕೋಲಾರದ ಕಡೆಯ ‘ಉರುಳಗಡ್ಡೆ’ ಇದೆ, ಹಾಸನದ ಸಂತೆಯಲ್ಲಿ ಹಾಗೆಂದು ಕೇಳಿ ನೋಡಿ. ಗಡ್ಡೆಯೇ ಎರವಲು, ಬಿತ್ತನೆ ಗಡ್ಡೆ ಜಲಂಧರಿನಿಂದ ಬರುತ್ತದೆ, ಯಂತ್ರ ಹೊರಗಿನದು. ಆ ಒಂದು ಕಂಬಿಯ ಹೆಸರಿಗೆ ಮಾತ್ರ ಮಡಿಯೇ?

*

ಕೇಳಿದವರಿಂದ

ಉತ್ತರಿಸಿದ ಎಲ್ಲರಿಗೂ ವಂದನೆ. ‘ಮಿನ್ನೇತ’ ಕಿವಿಗೆ ಬಹಳ ಹಿತವಾಗಿದೆ, ಅದನ್ನು ಬಿಡಲು ನಿಜಕ್ಕೂ ಮನಸ್ಸಿಲ್ಲ. ಆದರೂ ನಿನ್ನೆ ಒಂದು ಟ್ರ್ಯಾಕ್ಟರ್ ಗ್ಯಾರೇಜಿಗೆ ಹೋಗಿ ಅರ್ಧ ದಿನ ಕೂತು ಬಂದೆ. ರಿಪೇರಿಗೆ ಬಂದಿದ್ದ ಯಂತ್ರದ ಪೈಪಿನ ಗಂಟಿನಲ್ಲಿ ಎಣ್ಣೆ ಜಿನುಗಿ, ಅದಕ್ಕೆ ಹೊಲದ ಧೂಳು ಮೆತ್ತಿ, ಹೆಬ್ಬೆಟ್ಟಿನಷ್ಟು ದಪ್ಪ ಕರೀ ಹೆಕ್ಕಳೆ ಕಟ್ಟಿತ್ತು. ಮೆಕ್ಯಾನಿಕ್ ಅದನ್ನು ಸ್ಕ್ರೂಡ್ರೈವರಿನಲ್ಲಿ ಕೆರೆಯುತ್ತಿದ್ದರು. ಅವರಿಗೆ ಹೊಸ ಯಂತ್ರದ ಚಿತ್ರ ತೋರಿಸಿದೆ, ಪದವೇನೂ ಹೇಳಿಕೊಡಲಿಲ್ಲ. ಒಂದು ಸಲ ನೋಡಿ, ‘ಓ, ಆಯಿಲ್ ಜಾಕ್ ತೆಗ್ದು ಮೋಟಾರ್ ಜಾಕ್ ಹಾಕವ್ರೆ’ ಎಂದರು.

ಜಾಕ್ ಎತ್ತುವುದಕ್ಕಷ್ಟೇ ಅಲ್ಲವೇ ಎಂದು ನೀವು ಕೇಳುವ ಮೊದಲೇ ಅವರನ್ನು ಕೇಳಿದೆ. ಸ್ಟೀರಿಂಗಿನಲ್ಲಿ ಅಡ್ಡಡ್ಡ ಸರಿಯುವ ಸಿಲಿಂಡರನ್ನು ಬೆರಳು ಮಾಡಿ ತೋರಿಸಿದರು. ಅದೂ ಅವರಿಗೆ ಜಾಕೇ. ಪದದ ಅರ್ಥ ಬಾಯಿಂದ ಬಾಯಿಗೆ ಹಿಗ್ಗಿ ಆಗಿದೆ, ನಾವು ತಡವಾಗಿ ಬಂದಿದ್ದೇವೆ.

*

ಮರುಓಲೆ 2ರವರಿಂದ

ಜಾಕೂ ಇಂಗ್ಲಿಷ್, ಮೋಟಾರೂ ಇಂಗ್ಲಿಷ್. ಇದಕ್ಕೆ ಅನುವಾದ ಎನ್ನುತ್ತಾರೆಯೇ?

*

ಕೇಳಿದವರಿಂದ

ಎನ್ನುತ್ತಾರೆ, ಓದುವವನ ಬೆರಳು ಉಳಿಯಬೇಕಾದಲ್ಲಿ. ಕೈಪಿಡಿಯ ಎಚ್ಚರಿಕೆ ಹೀಗಿದೆ: ಎಂಜಿನ್ ನಿಂತ ಮೇಲೂ ಬ್ಯಾಟರಿಯ ಸಂಪರ್ಕ ಇರುವವರೆಗೆ ಕಂಬಿ ಸರಿಯಬಹುದು. ಹೈಡ್ರಾಲಿಕ್ಕಿಗೆ ಒಗ್ಗಿದವರಿಗೆ ಎಂಜಿನ್ ನಿಂತರೆ ಪಂಪೂ ನಿಂತಿತು ಎಂಬುದು ರೂಢಿ. ಆ ಧೈರ್ಯದ ಮೇಲೆ ಜರಡಿಗೆ ಸಿಕ್ಕಿದ ಆಲೂಗಡ್ಡೆ ಬಳ್ಳಿ ಎಳೆಯಲು ಕೈ ಹಾಕುತ್ತಾರೆ. ಆ ಗಳಿಗೆಯಲ್ಲಿ ಸ್ಟಿಕ್ಕರಿನ ಪದಕ್ಕೆ ಅರ್ಥ ಹುಡುಕುತ್ತಾ ನಿಲ್ಲಲು ಯಾರಿಗೂ ಆಗುವುದಿಲ್ಲ. ‘ಮಿನ್ನೇತ’ವನ್ನು ಕೈಪಿಡಿಯ ಕೊನೆಯ ಪದಪಟ್ಟಿಯಲ್ಲಿ ‘ಮೋಟಾರ್ ಜಾಕ್’ ಪಕ್ಕದಲ್ಲೇ ಕೊಡುತ್ತೇನೆ. ಸ್ಟಿಕ್ಕರ್ ಹೀಗೆ ಹೋಗುತ್ತದೆ, ಕಾಗುಣಿತ ತಪ್ಪಿದ್ದರೆ ಇವತ್ತೇ ಹೇಳಿ:

ಎಂಜಿನ್ ಆಫ್ ಇದ್ದರೂ ಮೋಟಾರ್ ಜಾಕ್ ಸರಿಯಬಹುದು. ಮೊದಲು ಬ್ಯಾಟರಿ ವೈರ್ ಬಿಚ್ಚಿ, ಆಮೇಲೆ ಕೈ ಹಾಕಿ.