ಆನಿಮೇಷನ್ ಓಡ್ತಿರೋವಾಗ ಕಲರ್ ಸ್ಕೇಲ್ ಬದಲಾಗ್ತಾನೇ ಇಲ್ಲ (ಪೈಥಾನಲ್ಲಿ ಗ್ರಾಫ್ ಬರೆಯೋ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್, ಮಳೆ ಡೇಟಾ)

ಕರಿಮೋಡ:
ಎಲ್ರಿಗೂ ನಮಸ್ಕಾರ. ಐಎಂಡಿಯವರ (ಭಾರತ ಹವಾಮಾನ ಇಲಾಖೆ) 0.25 ಡಿಗ್ರಿ ಚೌಕಗಳ ಗ್ರಿಡ್ ಮಳೆ ಡೇಟಾ ತಗೊಂಡು ಕರ್ನಾಟಕದ ಸುತ್ತಮುತ್ತ ಕಟ್ ಮಾಡಿ ಜೂನ್ 1ರಿಂದ ಸೆಪ್ಟೆಂಬರ್ 30ರ ತನಕ ದಿನಕ್ಕೊಂದು ಫ್ರೇಮ್, ಒಟ್ಟು 122 ಫ್ರೇಮ್ ಆನಿಮೇಷನ್ ಮಾಡ್ತಿದೀನಿ. ಇಮ್‌ಶೋ (ಅಂಕಿಗಳನ್ನ ಬಣ್ಣದ ಚಿತ್ರ ಮಾಡೋ ಫಂಕ್ಷನ್) ಒಂದ್ಸಲ ಕರೆದು ಆಮೇಲೆ ಪ್ರತಿ ಫ್ರೇಮಿಗೂ ಓಡೋ ಅಪ್‌ಡೇಟ್ ಫಂಕ್ಷನ್ ಒಳಗೆ ಬರೀ ಸೆಟ್_ಡೇಟಾ. ಆದ್ರೆ ಜೂನ್ 1ಕ್ಕೂ ಜುಲೈ ಮಧ್ಯಕ್ಕೂ ವ್ಯತ್ಯಾಸನೇ ಇಲ್ಲ, ನೆಲ ಪೂರ್ತಿ ಹಳದಿ, ಆಗುಂಬೆನೂ ಹಳದಿ ಚಳ್ಳಕೆರೆನೂ ಹಳದಿ. ಸರಿ ಅಂತ ಪ್ರತಿ ಫ್ರೇಮಲ್ಲೂ ಹೊಸ ಕಲರ್‌ಬಾರ್ (ಯಾವ ಬಣ್ಣ ಅಂದ್ರೆ ಎಷ್ಟು ಮಳೆ ಅಂತ ತೋರ್ಸೋ ಪಟ್ಟಿ) ಹಾಕ್ದೆ, ಅದಿನ್ನೂ ಚೆಂದ, ಒಂದರ ಪಕ್ಕ ಒಂದು ಬಾರ್ ಸೇರ್ಕೊಂಡು ಸೇರ್ಕೊಂಡು ಮ್ಯಾಪು ಅಂಚೆ ಚೀಟಿ ಸೈಜಿಗೆ ಬಂತು 😭 ಯಾರಾದ್ರೂ ದಾರಿ ತೋರ್ಸಿ.

ಬಿಸಿಬೇಳೆ:
ಸಮುದ್ರ ಯಾವ ಬಣ್ಣ ಬರ್ತಿದೆ? ಕಡು ನೇರಳೆನಾ?

ಕರಿಮೋಡ:
ಹೌದು ಸರ್!! ಹೇಗ್ ಗೊತ್ತಾಯ್ತು

ಬಿಸಿಬೇಳೆ:
ನಾನೂ ಅದೇ ಹಳ್ಳಕ್ಕೆ ಬಿದ್ದೋನು ಅದಕ್ಕೆ. ಆ ಫೈಲಲ್ಲಿ ಡೇಟಾ ಇಲ್ದಿರೋ ಜಾಗಕ್ಕೆ -999 ತುಂಬಿರ್ತಾರೆ. ನೀವು ವಿಮಿನ್ ವಿಮ್ಯಾಕ್ಸ್ (ಸ್ಕೇಲಿನ ಕೆಳಗಿನ, ಮೇಲಿನ ತುದಿ) ಕೊಟ್ಟಿಲ್ಲ, ಹಾಗಾಗಿ ಇಮ್‌ಶೋ ಮೊದಲ್ನೇ ಫ್ರೇಮ್ ನೋಡಿ -999ರಿಂದ ಆವತ್ತಿನ ಜಾಸ್ತಿ ಮಳೆ ತನಕ ತಾನೇ ಸ್ಕೇಲ್ ಎಳ್ಕೊಂಡಿದೆ. ಅಷ್ಟುದ್ದ ಸ್ಕೇಲಲ್ಲಿ 0 ಮಿ.ಮೀ. ಕೂಡ ಹಳದಿ ತುದಿ ಹತ್ರನೇ ಬರತ್ತೆ. ಆಮೇಲೆ ಸೆಟ್_ಡೇಟಾ ಅಂಕಿ ಬದಲಾಯ್ಸತ್ತೆ ಅಷ್ಟೇ, ಸ್ಕೇಲ್ ಮುಟ್ಟಲ್ಲ.

ಮೊದ್ಲು -999 ಇರೋ ಕಡೆ ನ್ಯಾನ್ (ಇಲ್ಲಿ ಅಂಕಿ ಇಲ್ಲ ಅನ್ನೋ ಗುರುತು) ಹಾಕಿ. ಆಮೇಲೆ ಅಪ್‌ಡೇಟ್ ಒಳಗೆ ಸೆಟ್_ಡೇಟಾ ಕೆಳಗೆ ಒಂದು ಲೈನ್ ಸೇರ್ಸಿ, ಸೆಟ್_ಕ್ಲಿಮ್ (ಸ್ಕೇಲಿನ ತುದಿಗಳನ್ನ ಬದಲಾಯ್ಸೋದು), ಸೊನ್ನೆಯಿಂದ ಆ ಫ್ರೇಮಿನ ನ್ಯಾನ್‌ಮ್ಯಾಕ್ಸ್ (ನ್ಯಾನ್ ಬಿಟ್ಟು ಉಳಿದಿದ್ರಲ್ಲಿ ದೊಡ್ಡ ಅಂಕಿ) ತನಕ. ಕಲರ್‌ಬಾರ್ ಹೊರಗಡೆ ಒಂದೇ ಸಲ ಮಾಡಿ, ಅದು ಸೆಟ್_ಕ್ಲಿಮ್ ಹಿಂದೆ ತಾನೇ ಬರತ್ತೆ. ಆನಿಮೇಷನ್ನಿನ ಬ್ಲಿಟ್ ಅನ್ನೋ ಆಯ್ಕೆ (ವೇಗಕ್ಕೆ ಅಂತ ಇರೋದು) ಟ್ರೂ ಇದ್ರೆ ಮಾತ್ರ ಬಾರ್ ಮೇಲಿನ ಅಂಕಿ ಹಳೇದೇ ನಿಂತಿರತ್ತೆ, ಯಾಕಂದ್ರೆ ನೀವು ರಿಟರ್ನ್ ಮಾಡಿದ್ದನ್ನ ಮಾತ್ರ ಅದು ಮತ್ತೆ ಬರೆಯೋದು. ಫಾಲ್ಸ್ ಮಾಡಿ, 122 ಫ್ರೇಮಿಗೆ ಏನೂ ಆಗಲ್ಲ.

ಕರಿಮೋಡ:
ಬಂತು ಸರ್, ಘಟ್ಟ ಎಲ್ಲ ಕಾಣ್ತಿದೆ! ಆದ್ರೆ ಅಪ್ಪಂಗೆ ತೋರಿಸ್ದೆ, ಆಗಸ್ಟಲ್ಲಿ ಎಲ್ಲೂ 20 ಮಿ.ಮೀ. ದಾಟದ ಒಂದು ದಿನ ನೋಡಿ "ಇದೇನೋ ಇವತ್ತೂ ಹಂಗೇ ಹೊಡೀತಾ" ಅಂದ್ರು. ಜುಲೈಲಿ 200 ಬಿದ್ದಿದ್ದಕ್ಕೂ ಅದೇ ಹಳದಿ ಅಲ್ವಾ.

ಹಳೇಛತ್ರಿ:
ನಿಮ್ಮಪ್ಪ ಹೇಳಿದ್ದೇ ಸರಿ ಕಣ್ರೀ. ಆನಿಮೇಷನ್ ನೋಡೋರು ನಿನ್ನೆಗೂ ಇವತ್ತಿಗೂ ಹೋಲಿಸ್ತಾರೆ, ಬಾರ್ ಮೇಲಿನ ಅಂಕಿ ಯಾರೂ ಓದಲ್ಲ. ದಿನಾ ಸ್ಕೇಲ್ ಬದಲಾದ್ರೆ ದಿನಕ್ಕೊಂದು ಅಳತೆಪಟ್ಟಿ ಹಿಡ್ಕೊಂಡಂಗೆ. ಐಎಂಡಿಯವರದ್ದೇ ದಿನದ ಮಳೆ ವರ್ಗೀಕರಣ ಇದೆಯಲ್ಲ, ಮಿ.ಮೀ. ಲೆಕ್ಕದಲ್ಲಿ 2.5, 15.6, 64.5 (ಭಾರಿ), 115.6 (ಅತಿ ಭಾರಿ), 204.5 (ಅತ್ಯಂತ ಭಾರಿ). ಈ ಗಡಿಗಳನ್ನೇ ಬೌಂಡರಿನಾರ್ಮ್‌ಗೆ (ಎರಡು ಗಡಿ ನಡುವೆ ಒಂದೇ ಬಣ್ಣ ಕೊಡೋ ಸ್ಕೇಲ್) ಕೊಟ್ಟು, ಕೊನೇ ಗಡಿ ದಾಟಿದ್ದಕ್ಕೂ ಬಣ್ಣ ಬರೋ ಹಾಗೆ ಎಕ್ಸ್‌ಟೆಂಡ್ ಮ್ಯಾಕ್ಸ್ ಅಂತ ಹಾಕಿ, ಸೆಟ್_ಕ್ಲಿಮ್ ಲೈನ್ ತೆಗೆದುಬಿಡಿ.

ಬಿಸಿಬೇಳೆ:
ಒಪ್ತೀನಿ ಆದ್ರೆ ಪೂರ್ತಿ ಅಲ್ಲ. ಕಡಿಮೆ ಮಳೆ ದಿನ ಮ್ಯಾಪ್ ಖಾಲಿ ಖಾಲಿ ಕಾಣತ್ತೆ, ಎಲ್ಲಿ ಸ್ವಲ್ಪ ಬಿತ್ತು ಅನ್ನೋದೇ ಮುಖ್ಯ ಆದ್ರೆ ಮ್ಯಾಕ್ಸ್ ಮೇಲಕ್ಕೆ ಮಾತ್ರ ಹೋಗೋ ಥರ ಮಾಡಬಹುದು, ಹಳೇ ಮ್ಯಾಕ್ಸ್ ಇವತ್ತಿನ ಮ್ಯಾಕ್ಸ್ ಎರಡರಲ್ಲಿ ದೊಡ್ಡದು.

ಹಳೇಛತ್ರಿ:
ಅದೂ ಮಾಡಿ ನೋಡಿದೀನಿ ಗುರು. ರಿಪೀಟ್ (ಮುಗಿದ್ಮೇಲೆ ಮತ್ತೆ ಮೊದಲಿಂದ ಓಡೋದು) ಡೀಫಾಲ್ಟಾಗಿ ಆನ್ ಇರತ್ತೆ, ಎರಡನೇ ಸುತ್ತಲ್ಲಿ ಜೂನ್ 1 ಬೇರೇನೇ ಬಣ್ಣದಲ್ಲಿ ಬರತ್ತೆ, ಯಾಕಂದ್ರೆ ಮ್ಯಾಕ್ಸ್ ಜುಲೈದೇ ಉಳಿದಿರತ್ತೆ. ಫ್ರೇಮ್ ನಂಬರ್ ಸೊನ್ನೆ ಆದಾಗ ಮ್ಯಾಕ್ಸ್ ರೀಸೆಟ್ ಮಾಡೋದು ಮರೀಬಾರ್ದು. ಒಂದಿಡೀ ಸಂಜೆ ಡೇಟಾನೇ ಕೆಟ್ಟಿದೆ ಅಂತ ಬೈಕೊಂಡು ಕೂತಿದ್ದೆ.

ಕರಿಮೋಡ:
ಬೌಂಡರಿನಾರ್ಮ್ ಹಾಕ್ದೆ, ಸೂಪರ್, ಅಪ್ಪನೂ ಓಕೆ ಅಂದ್ರು. ಆದ್ರೆ ಈಗ ಬಣ್ಣ ಸರಿಯಾದ್ಮೇಲೆ ಗಡಿ ಗೆರೆ ಹಾಕಿ ನೋಡಿದ್ರೆ ಗೊತ್ತಾಯ್ತು, ಮಳೆ ಪೂರ್ತಿ ತಲೆಕೆಳಗಾಗಿದೆ, ಕೇರಳದ ಮಳೆ ಬೆಳಗಾವಿ ಮೇಲೆ ಸುರೀತಿದೆ 🙈

ಬಿಸಿಬೇಳೆ:
ಹಹಹ. ಆ ಫೈಲಲ್ಲಿ ಸಾಲುಗಳು ದಕ್ಷಿಣದಿಂದ ಶುರು, ಇಮ್‌ಶೋ ಮೊದಲ್ನೇ ಸಾಲನ್ನ ಮೇಲಿಡತ್ತೆ. ಇಮ್‌ಶೋಗೆ ಒರಿಜಿನ್ ಲೋವರ್ ಅಂತ ಕೊಡಿ, ಮೊದಲ್ನೇ ಸಾಲು ಕೆಳಗೆ ಬರತ್ತೆ.