ಸಹಾಯ ಬೇಕು: ರಜೆಯ ಮೂರು ದಿನ ಗೆಳತಿಯರೊಂದಿಗೆ ಸದ್ದಿಲ್ಲದೆ ಕಳೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಹೊರದೇಶಕ್ಕೆ ಬಂದು ಎರಡು ವರ್ಷವಾಯಿತು. ಮುಂದಿನ ವಾರಾಂತ್ಯಕ್ಕೆ ಸೋಮವಾರದ ರಜೆಯೂ ಸೇರಿಕೊಂಡಿದೆ. ಇಲ್ಲಿಯೇ ಕೆಲಸಕ್ಕಿರುವ ಇಬ್ಬರು ಗೆಳತಿಯರು ನನ್ನ ಮನೆಯಲ್ಲಿ ಉಳಿಯಲು ಬರುತ್ತಿದ್ದಾರೆ.

ಅವರಲ್ಲಿ ಒಬ್ಬಳು ಈಚೆಗೆ ತಂದೆಯನ್ನು ಕಳೆದುಕೊಂಡಳು. ದೂರದ ಹಾದಿ, ಸಮಯಕ್ಕೆ ತಲುಪಲಾಗಲಿಲ್ಲ. "ಎಲ್ಲಿಗೂ ಹೋಗುವುದು ಬೇಡ, ನಿನ್ನ ಮನೆಯಲ್ಲಿ ಸುಮ್ಮನೆ ಕುಳಿತಿರೋಣ" ಎಂದಿದ್ದಾಳೆ. ಕಳೆದ ಸಲ ಬಂದಾಗ, ತಂದೆ ದಿನವೂ ಕರೆ ಮಾಡುತ್ತಿದ್ದ ಹೊತ್ತಿಗೆ ಸರಿಯಾಗಿ ಮೊಬೈಲನ್ನು ಮೇಜಿನ ಮೇಲೆ ಬೋರಲಾಗಿಸಿ ಇಟ್ಟಳು. ಆಮೇಲೆ ಅರ್ಧ ಗಂಟೆ ಅದರ ಮೇಲಿಂದ ಕೈ ತೆಗೆಯಲಿಲ್ಲ. ನನಗೆ ಏನು ಹೇಳಬೇಕೆಂದೇ ತೋಚಲಿಲ್ಲ.

ಇನ್ನೊಬ್ಬಳದು ತುಂಬಾ ಒಳ್ಳೆಯ ಮನಸ್ಸು, ಆದರೆ ಮೌನ ಕಂಡರೆ ಅವಳಿಗೆ ಗಾಬರಿ. ಈಗಾಗಲೇ ಸುತ್ತಾಟದ ಪಟ್ಟಿ ಕಳುಹಿಸಿದ್ದಾಳೆ. ಅವಳ ಮನಸ್ಸಿಗೆ ನೋವಾಗದಂತೆ ಬೇಡವೆನ್ನುವುದು ಹೇಗೆ?

ನನ್ನದು ಒಂದೇ ಕೋಣೆಯ ಮನೆ. ತಂದೆಯನ್ನು ಕಳೆದುಕೊಂಡ ಗೆಳತಿಗೆ ಒಬ್ಬಳೇ ಇರಬೇಕೆನಿಸಿದರೆ ಅವಳು ಎಲ್ಲಿ ಕೂರಬೇಕು? ಆಗಾಗ ನಾವಿಬ್ಬರೇ ಹೊರಗೆ ನಡೆದಾಡಿ ಬರುವುದು ಸರಿಯೇ, ಅಥವಾ ಅವಳನ್ನು ಬಿಟ್ಟು ಹೋದಂತೆ ಆಗುತ್ತದೆಯೇ? ತಂದೆಯ ಮಾತನ್ನು ನಾನಾಗಿ ತೆಗೆಯಲೇ, ಅವಳೇ ಆಡುವವರೆಗೆ ಕಾಯಲೇ? ಕೈಗೆ ಕೆಲಸವಿದ್ದರೆ ಮಾತು ತಾನಾಗಿ ಬರುತ್ತದೆಂದು ದೊಡ್ಡದೊಂದು ಚಿತ್ರಬಂಧ (ತುಣುಕುಗಳನ್ನು ಜೋಡಿಸಿ ಚಿತ್ರ ಮಾಡುವ ಆಟ) ತಂದಿಟ್ಟಿದ್ದೇನೆ. ಅಷ್ಟೇ ನನ್ನ ತಯಾರಿ.

ಪರದೇಶದಲ್ಲಿದ್ದಾಗ ಇಂಥ ದುಃಖ ಕಂಡವರು, ನಿಮ್ಮ ಗೆಳೆಯರು ಮಾಡಿದ್ದರಲ್ಲಿ ಯಾವುದು ನಿಜವಾಗಿ ಹಿತವೆನಿಸಿತು ಎಂದು ದಯವಿಟ್ಟು ತಿಳಿಸಿ. ಅವರು ಶುಕ್ರವಾರ ಸಂಜೆಯೇ ಬರುತ್ತಾರೆ.