ಸಹಾಯ ಬೇಕು: ಮಳೆಯಲ್ಲಿ ಗೋಕಾಕ ಫಾಲ್ಸ್

ನಮಸ್ಕಾರ್ರೀ. ಮುಂದಿನ ರವಿವಾರ ಬೆಳಗಾವಿಯಿಂದ ಮಕ್ಕಳು, ಅತ್ತೆಯವರ ಜೊತೆ ಗೋಕಾಕ ಫಾಲ್ಸ್‌ಗೆ ಹೊರಟಿದ್ದೇವೆ. ಘಟಪ್ರಭಾ ಅಲ್ಲಿ ಸುಮಾರು 52 ಮೀಟರ್ ಕೆಳಗೆ ಬೀಳುತ್ತದೆ, ಮೇಲಿನ ಬಂಡೆ ಪಾಚಿ ಹಿಡಿದು ಜಾರುತ್ತದೆ, ಸಾಲದ್ದಕ್ಕೆ ಹಿಡಕಲ್ ಡ್ಯಾಂನಿಂದ ನೀರು ಬಿಟ್ಟರೆ ಅಲ್ಲಿ ಮಳೆ ಇಲ್ಲದಿದ್ದರೂ ಹೊಳೆ ಏರುತ್ತದೆ, ಅಲ್ವಾ? ಹಾಗಾಗಿ ಅಂಚಿಗೆ ಹೋಗಿ ಸೆಲ್ಫಿ ಅನ್ನೋ ಮಾತೇ ಇಲ್ಲ. ದೂರದಿಂದಲೇ ಚೆನ್ನಾಗಿ ಕಾಣೋ, ಮೊಣಕಾಲು ನೋವಿನವರೂ ಕೂರಬಹುದಾದ ಜಾಗ ಯಾವುದು? ನೀರು ಬಿಡೋ ಸುದ್ದಿ ಮೊದಲೇ ಎಲ್ಲಿ ಸಿಗುತ್ತದೆ?

ಹತ್ತಿರದ ಗೊಡಚಿನಮಲ್ಕಿ ಫಾಲ್ಸ್‌ಗೆ ದಾರಿ ಕೆಸರಾಗಿದ್ದರೆ ಅದನ್ನು ಚಳಿಗಾಲಕ್ಕೆ ಬಿಡ್ತೀವಿ, ಅಲ್ಲಿನ ಮಾರ್ಕಂಡೇಯ ಹೊಳೆಯಲ್ಲಿ ಆಗ ನೀರು ಕಡಿಮೆಯಾದರೂ ಪರವಾಗಿಲ್ಲ. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ (ಪ್ಲಾಸ್ಟಿಕ್ ತಟ್ಟೆ ಇಲ್ಲ, ಕಸ ವಾಪಸ್ ಮನೆಗೇ). ಮಂಗಗಳ ಕಾಟ ಇದೆಯಾ? ಇತ್ತೀಚೆಗೆ ಹೋಗಿ ಬಂದವರು ಹೇಳ್ರಿ, ಸುಮ್ನೆ ‘ಸೂಪರ್ ಜಾಗ’ ಅನ್ನಬೇಡಿ.